ಕಂಪ್ಯೂಟರ್ ಇದೆ ಸರಿ, ಮಗುವಿನ ಕೈಗೆ ಎಷ್ಟು ಹೊತ್ತು ಸಿಗುತ್ತದೆ?

ಅದೊಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ. ನಾನು ಮೊದಲ ಸಲ ಹೋದಾಗ ಕಂಪ್ಯೂಟರ್ ಕೋಣೆಯ ಬೀಗದ ಕೈ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಬಾಗಿಲು ತೆಗೆದರೆ ಒಳಗೆ ಹತ್ತು ಕಂಪ್ಯೂಟರ್. ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು. ಒಂದೊಂದಾಗಿ ಹಚ್ಚಿ ನೋಡಿದೆವು. ಆರು ಶುರುವಾದವು. ಆ ಆರರಲ್ಲಿ ಒಂದರಲ್ಲಿ ಇಂಟರ್‌ನೆಟ್ ಬರುತ್ತಿರಲಿಲ್ಲ. ರಿಪೇರಿಯವರು ಬಂದು ನೋಡಿ, "ಇದು ಹೋಯಿತು, ಹೊಸದು ತಗೊಳ್ಳಿ" ಎಂದು ಹೇಳಿ ಹೋಗಿದ್ದರಂತೆ.

ಪರದೆಯ ಮೂಲೆಯಲ್ಲಿ ತಾರೀಖು ನೋಡಿದೆ. 2009ರ ಜನವರಿ 1 ಎಂದಿತ್ತು.

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಯಲಿ ಎಂದು ಅದನ್ನು ಇಟ್ಟಿರುತ್ತಾರೆ. ಅದು ಸತ್ತರೆ ಪ್ರತಿ ಸಲ ಹಚ್ಚಿದಾಗಲೂ ಕಂಪ್ಯೂಟರ್ ಹಳೆಯ ತಾರೀಖಿಗೆ ಜಾರುತ್ತದೆ. ಇನ್ನು ಇಂಟರ್‌ನೆಟ್ ಕಡೆ ಬನ್ನಿ. ನಾವು ಒಂದು ವೆಬ್‌ಸೈಟ್ ತೆರೆದಾಗ ಬ್ರೌಸರ್ ಮೊದಲು ಆ ಸೈಟಿನ ಸರ್ಟಿಫಿಕೇಟ್ ನೋಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಚಾಲ್ತಿ ಎಂದಿರುತ್ತದೆ. ಕಂಪ್ಯೂಟರ್ ತಾನು 2009ರಲ್ಲಿದ್ದೇನೆ ಅಂದುಕೊಂಡಿದೆ, ಸರ್ಟಿಫಿಕೇಟ್ ಈ ವರ್ಷದ್ದು. ಇನ್ನೂ ಹುಟ್ಟದೇ ಇರುವ ಕಾಗದ ಇದು, ನಂಬಬೇಡ ಎಂದು ಬ್ರೌಸರ್ ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟೇ ತೊಂದರೆ. ಹೊಸ ಬ್ಯಾಟರಿ ಹತ್ತಿರದ ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಹಾಕಿ, ತಾರೀಖು ಸರಿಮಾಡಿದ ಮೇಲೆ ಎಲ್ಲ ಸೈಟೂ ತೆರೆದುಕೊಂಡವು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ, "ಸರ್, ಮುಂದಿನ ಸಲ ನಾನೇ ಹಾಕ್ಲಾ?" ಎಂದು ಕೇಳಿದಳು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಬಡವರ ಮಕ್ಕಳಿಗೆ ಕಂಪ್ಯೂಟರ್ ತಲುಪಿಸಬೇಕು ಎಂದಾಗ ನಾವು ಎಣಿಸುವುದು ಯಂತ್ರಗಳನ್ನು. ಎಷ್ಟು ಶಾಲೆಗೆ ಎಷ್ಟು ಪೆಟ್ಟಿಗೆ ಹೋಯಿತು ಎಂದು. ಆದರೆ ಆ ಹುಡುಗಿ ಕೇಳಿದ್ದು ಬೇರೆಯದೇ ಪ್ರಶ್ನೆ, ಅಲ್ವಾ? ಯಂತ್ರವನ್ನು ನಾನು ಮುಟ್ಟಬಹುದಾ ಎಂದು.

ಒಂದು ಸಣ್ಣ ಲೆಕ್ಕ ಹಾಕೋಣ. ಅದೇ ಶಾಲೆ, ಕ್ಲಾಸಿನಲ್ಲಿ ಸುಮಾರು 48 ಮಕ್ಕಳು, ನಡೆಯುವ ಯಂತ್ರ ಆರು. ಒಂದೊಂದಕ್ಕೆ ಎಂಟು ಮಕ್ಕಳು. ವಾರಕ್ಕೆ ಒಂದು ಪೀರಿಯಡ್, 40 ನಿಮಿಷ. ಸಾಲಾಗಿ ಬಂದು ಕೂರಲು, ಯಂತ್ರ ಹಚ್ಚಲು, ಹಾಜರಿ ಹಾಕಲು ಎಂಟು ನಿಮಿಷ ಹೋಗುತ್ತದೆ. ಉಳಿದ 32 ನಿಮಿಷವನ್ನು ಎಂಟು ಮಕ್ಕಳು ಹಂಚಿಕೊಂಡರೆ ತಲೆಗೆ ನಾಲ್ಕು ನಿಮಿಷ. ಪರೀಕ್ಷೆ, ರಜೆ, ಕರೆಂಟ್ ಹೋದ ದಿನ ಎಲ್ಲ ಕಳೆದು ವರ್ಷಕ್ಕೆ 30 ವಾರ ಕ್ಲಾಸ್ ನಡೆಯಿತು ಎಂದಿಟ್ಟುಕೊಳ್ಳಿ. ಒಟ್ಟು 120 ನಿಮಿಷ. ವರ್ಷಕ್ಕೆ ಎರಡು ಗಂಟೆ! ಅದೂ ಸಮನಾಗಿ ಹಂಚಿಕೊಂಡರೆ ಮಾತ್ರ. ನಿಜದಲ್ಲಿ ಮುಂದೆ ಕೂತ ಇಬ್ಬರು ಮೌಸ್ ಬಿಡುವುದಿಲ್ಲ. ಹಿಂದೆ ನಿಂತವರು ಕತ್ತು ಉದ್ದ ಮಾಡಿ ನೋಡುತ್ತಾರೆ. ಎರಡು ಗಂಟೆಯಲ್ಲಿ ಯಾರಾದರೂ ಸೈಕಲ್ ಕಲಿಯುತ್ತಾರಾ? ಈಜು ಕಲಿಯುತ್ತಾರಾ?

ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಶಾಲೆಯ ಮುಂದೆ "ಕಂಪ್ಯೂಟರ್ ಇದೆ" ಎಂದು ಇರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ 57.2% ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, 53.9% ಶಾಲೆಗಳಲ್ಲಿ ಇಂಟರ್‌ನೆಟ್ ಇತ್ತು. ಉಳಿದ ಶಾಲೆಗಳ ಕಥೆ ಬೇರೆಯೇ. ಆದರೆ ಇರುವ ಶಾಲೆಗಳಲ್ಲಿ ಒಂದು ಮಗುವಿಗೆ ಎಷ್ಟು ನಿಮಿಷ ಸಿಗುತ್ತದೆ ಎನ್ನುವುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಮನೆಯಲ್ಲಾದರೂ ಇದೆಯಾ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಗಳ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನಾಲ್ಕೈದು ಮನೆಗಳಲ್ಲಿ ಮಾತ್ರ, ಸರಿಯಾಗಿ ಹೇಳಬೇಕೆಂದರೆ 4.4%. ಪೇಟೆಯಲ್ಲಿ 23.4%.

ಮೊಬೈಲ್ ಇದೆಯಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ. ಈಗಿನ ಮಕ್ಕಳಿಗೆ ಹೇಳಿಕೊಡಬೇಕಾ, ಹುಟ್ಟುತ್ತಲೇ ಮೊಬೈಲ್ ಹಿಡಿದುಕೊಂಡು ಬಂದಿದ್ದಾರೆ ಎನ್ನುತ್ತಾರೆ. ಮೊಬೈಲ್ ಬಂದಿರುವುದು ನಿಜ. ಪ್ರಥಮ್ ಸಂಸ್ಥೆ ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ಮಾಡುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ 82%ಗೂ ಜಾಸ್ತಿ ಜನಕ್ಕೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದರಲ್ಲಿ ಸೋಷಿಯಲ್ ಮೀಡಿಯಾ ನೋಡಿದವರು 76%, ಓದಿಗೆ ಸಂಬಂಧಿಸಿದ್ದು ಏನಾದರೂ ಮಾಡಿದವರು 57%ರ ಹತ್ತಿರ. ನಾನು ಇದನ್ನು ಮಕ್ಕಳ ಮೇಲಿನ ದೂರಾಗಿ ಹೇಳುತ್ತಿಲ್ಲ. ಮೊಬೈಲನ್ನು ಮಾಡಿರುವುದೇ ನೋಡುವುದಕ್ಕೆ. ಉದ್ದ ಬರೆಯುವುದಕ್ಕೆ, ಲೆಕ್ಕದ ಹಾಳೆ ಮಾಡುವುದಕ್ಕೆ, ಒಂದು ಸಣ್ಣ ಪ್ರೋಗ್ರಾಂ ಬರೆದು ನಡೆಸುವುದಕ್ಕೆ ಅದು ಕಷ್ಟದ ಸಾಧನ.

ನಾನು ನೋಡಿದ ಒಂದು ವಿಷಯ ಹೇಳುತ್ತೇನೆ. ಮೊಬೈಲಿನಲ್ಲಿ ರೀಲ್ಸ್ ಎಡಿಟ್ ಮಾಡುವ ಚುರುಕು ಹುಡುಗರನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ನಿನ್ನೆ ಬರೆದ ಪ್ರಬಂಧ ತೆಗಿ" ಎಂದರೆ ಕಕ್ಕಾಬಿಕ್ಕಿಯಾಗುತ್ತಾರೆ. ಯಾಕೆಂದರೆ ಮೊಬೈಲಿನಲ್ಲಿ ಫೈಲ್ ಎಂಬುದು ಕಣ್ಣಿಗೇ ಬೀಳುವುದಿಲ್ಲ. ಫೋಟೋ ಗ್ಯಾಲರಿಯಲ್ಲಿದೆ, ಮೆಸೇಜ್ ವಾಟ್ಸಾಪಿನಲ್ಲಿದೆ, ಅಷ್ಟೇ. ಒಂದು ವಸ್ತುವಿಗೆ ಹೆಸರು ಕೊಟ್ಟು, ಒಂದು ಜಾಗದಲ್ಲಿಟ್ಟು, ಮತ್ತೆ ಹುಡುಕಿ ತೆಗೆಯುವುದು ಅವರಿಗೆ ಹೊಸದು. ನಾನು ಮನೆಯ ಟ್ರಂಕಿನ ಉದಾಹರಣೆ ಕೊಡುತ್ತೇನೆ. ಟ್ರಂಕಿನೊಳಗೆ ಒಂದು ಚೀಲ, ಚೀಲದೊಳಗೆ ಅಮ್ಮ ಇಟ್ಟ ರೇಷನ್ ಕಾರ್ಡ್. ಎಲ್ಲಿದೆ ಎಂದು ಕೇಳಿದರೆ ಹೇಗೆ ಹೇಳ್ತೀಯ? ಟ್ರಂಕು, ಚೀಲ, ಕಾರ್ಡು. ಫೋಲ್ಡರ್ ಕೂಡ ಹಾಗೇ. ಅಲ್ಲಿಂದ ಮುಂದೆ ಅವರೇ ಓಡುತ್ತಾರೆ.

ಈ ಫೈಲ್ ವಿಷಯ ಸಣ್ಣದಲ್ಲ. ಪಿಯುಸಿ ಮುಗಿಸಿದ ಮಗುವಿಗೆ ಸಿಇಟಿ ಅರ್ಜಿ ಆನ್‌ಲೈನಿನಲ್ಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯಾಗಿ ಹಾಕಬೇಕು. ಫೋಟೋ ಇಷ್ಟೇ ಕೆಬಿ ಇರಬೇಕು ಎಂದರೆ ಅಷ್ಟಕ್ಕೇ ಇಳಿಸಬೇಕು. ಇವತ್ತು ಹಳ್ಳಿಯ ಮಗು ಏನು ಮಾಡುತ್ತದೆ? ಪೇಟೆಯ ಸೈಬರ್ ಸೆಂಟರಿಗೆ ಹೋಗಿ, ಕಾಗದಗಳನ್ನೆಲ್ಲ ಕೌಂಟರ್ ಮೇಲಿಟ್ಟು, ಸಾಲಿನಲ್ಲಿ ನಿಲ್ಲುತ್ತದೆ. ಒಳಗೆ ಕೂತವರು ಇವಳ ಪರವಾಗಿ ಎಲ್ಲ ತುಂಬುತ್ತಾರೆ. ಮೊಬೈಲ್ ನಂಬರು ಅವರದ್ದೇ ಹಾಕಿದರೂ ಇವಳಿಗೆ ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಅವರ ಹತ್ತಿರ. ಆರ್‌ಡಿ ನಂಬರಿನ ಒಂದು ಅಂಕಿ ತಪ್ಪಾದರೆ ಮೀಸಲಾತಿ, ಶುಲ್ಕ ವಿನಾಯಿತಿ ಎಲ್ಲ ತೂಗುಯ್ಯಾಲೆ. ಕಂಪ್ಯೂಟರ್ ಕೌಶಲ ಎಂದರೆ ಸಾಫ್ಟ್‌ವೇರ್ ಕೆಲಸ ಎಂದು ದೂರದ ಕನಸು ತೋರಿಸುವ ಮೊದಲು ಇದನ್ನು ಯೋಚಿಸಬೇಕು. ತನ್ನ ಅರ್ಜಿಯನ್ನು ತಾನೇ ಓದಿ, ತಾನೇ ತುಂಬಿ, ತಾನೇ ತಪ್ಪು ಹುಡುಕುವುದು. ಅದು ಮೊದಲ ಮೆಟ್ಟಿಲು.

ಯಂತ್ರ ಇಟ್ಟರೆ ಸಾಕು ಅನ್ನೋ ನಂಬಿಕೆ

ಈ ನಂಬಿಕೆಗೆ ಒಂದು ಇತಿಹಾಸವೇ ಇದೆ. 1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ ಕಂಪ್ಯೂಟರ್ ತರಬೇತಿ ಕೊಡುವ ಕಂಪನಿ ಎನ್‌ಐಐಟಿ ಕಚೇರಿಯ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಪಕ್ಕದ ಕೊಳೆಗೇರಿಯ ಕಡೆ ಮುಖ ಮಾಡಿ ಒಂದು ಕಂಪ್ಯೂಟರ್ ಇಟ್ಟರು. ಸುಗತ ಮಿತ್ರ ಎಂಬ ವಿಜ್ಞಾನಿಯ ಪ್ರಯೋಗ. ಯಾರೂ ಹೇಳಿಕೊಡಲಿಲ್ಲ. ಮಕ್ಕಳು ಬಂದರು, ಮುಟ್ಟಿದರು, ಕೆಲವೇ ದಿನಗಳಲ್ಲಿ ಚಿತ್ರ ಬಿಡಿಸುವುದು, ಫೋಲ್ಡರ್ ತೆಗೆಯುವುದು ಎಲ್ಲ ತಾವೇ ಕಂಡುಕೊಂಡರು. ಇದು ಜಗತ್ತಿನಾದ್ಯಂತ ಸುದ್ದಿಯಾಯಿತು. 2013ರಲ್ಲಿ ಅವರಿಗೆ 10 ಲಕ್ಷ ಡಾಲರಿನ ಟೆಡ್ ಬಹುಮಾನವೂ ಬಂತು.

ಮಕ್ಕಳ ಬುದ್ಧಿ ಬಗ್ಗೆ ಆ ಪ್ರಯೋಗ ಹೇಳಿದ್ದು ನಿಜವೇ. ಬಡ ಮಗು, ಇಂಗ್ಲಿಷ್ ಬಾರದ ಮಗು ಕಂಪ್ಯೂಟರ್ ಮುಟ್ಟಿದರೆ ಕೆಡಿಸುತ್ತದೆ ಎಂಬ ಭಯವನ್ನು ಅದು ಒಡೆಯಿತು. ಅದಕ್ಕೆ ನನ್ನ ಗೌರವವಿದೆ. ಆದರೆ ಮುಂದಿನ ಕಥೆಯನ್ನು ಜಾಸ್ತಿ ಜನ ಕೇಳಿಲ್ಲ. ಮಾರ್ಕ್ ವಾರ್‌ಶೌವರ್ ಎಂಬ ಅಮೆರಿಕದ ಸಂಶೋಧಕರು ದೆಹಲಿಯ ಇಂಥ ಕಿಂಡಿಗಳನ್ನು ನೋಡಿ 2002ರಲ್ಲಿ ಬರೆದರು. ಇಂಟರ್‌ನೆಟ್ ಬರುತ್ತಿದ್ದದ್ದೇ ಅಪರೂಪ, ಹಿಂದಿಯಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಮಕ್ಕಳ ಹೊತ್ತೆಲ್ಲ ಆಟಕ್ಕೆ ಮತ್ತು ಚಿತ್ರಕ್ಕೆ ಹೋಗುತ್ತಿತ್ತು. ಮುಂದೆ ಪಾಯಲ್ ಅರೋರಾ ಎಂಬ ಸಂಶೋಧಕಿ ಉತ್ತರಾಖಂಡದ ಅಲ್ಮೋರ ಕಡೆ ಹೋದಾಗ ಅಲ್ಲಿನ ಕಿಂಡಿಗಳು ಪಾಳುಬಿದ್ದಿದ್ದವು. ಊರಿನವರಲ್ಲಿ ಹಲವರಿಗೆ ಅದು ಏನಕ್ಕಿತ್ತು ಎಂಬುದೂ ನೆನಪಿರಲಿಲ್ಲ. ಕೆಟ್ಟಾಗ ಸರಿಮಾಡುವವರು ಯಾರು, ಒಂದು ಹಂತ ಕಲಿತ ಮಗುವನ್ನು ಮುಂದಿನ ಹಂತಕ್ಕೆ ಕೈಹಿಡಿದು ಕರೆದೊಯ್ಯುವವರು ಯಾರು? ಗೋಡೆಗೆ ಆ ಕೆಲಸ ಬರುವುದಿಲ್ಲ.

ಇನ್ನೊಂದು, ಇದಕ್ಕಿಂತ ಬಹಳ ದೊಡ್ಡದು. ನಿಕೊಲಸ್ ನೆಗ್ರೊಪಾಂಟೆ ಎಂಬ ಅಮೆರಿಕದ ತಂತ್ರಜ್ಞರು 2005ರಲ್ಲಿ "ಮಗುವಿಗೊಂದು ಲ್ಯಾಪ್‌ಟಾಪ್" ಯೋಜನೆ ಪ್ರಕಟಿಸಿದರು. ನೂರು ಡಾಲರಿಗೆ ಹಸಿರು ಬಣ್ಣದ ಗಟ್ಟಿಮುಟ್ಟು ಲ್ಯಾಪ್‌ಟಾಪ್ ಎಂದರು. ಬೆಲೆ ಕೊನೆಗೂ ನೂರಕ್ಕೆ ಇಳಿಯಲಿಲ್ಲ, ಇನ್ನೂರರ ಹತ್ತಿರ ನಿಂತಿತು. ಪೆರು ದೇಶ 8 ಲಕ್ಷಕ್ಕೂ ಜಾಸ್ತಿ ಕೊಂಡಿತು. ಅಮೆರಿಕ ಖಂಡಗಳ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಅಲ್ಲಿನ 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಣಿತದಲ್ಲಿ, ಭಾಷೆಯಲ್ಲಿ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳಿಗೂ ಸಿಗದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಬಳಸಿದರು, ನಿಜ. ತಾರ್ಕಿಕ ಯೋಚನೆಯ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಮುಂದೆಯೂ ಹೋದರು. ಆದರೆ ಆ ಶಾಲೆಗಳಿಗೆ ಇಂಟರ್‌ನೆಟ್ ಇರಲಿಲ್ಲ, ಶಿಕ್ಷಕರಿಗೆ ಈ ಯಂತ್ರವನ್ನು ಪಾಠದಲ್ಲಿ ಹೇಗೆ ತರಬೇಕು ಎಂದು ಕಲಿಸಿದ್ದು ತೀರಾ ಕಡಿಮೆ.

ನಮ್ಮ ಬೆಂಗಳೂರಿನಲ್ಲೂ ಒಂದು ಚೆಂದದ ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಇಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಕೈಲಿ ಹಿಡಿಯುವ ಕಂಪ್ಯೂಟರ್ ಮಾಡಿದರು. 2001ರಲ್ಲಿ ತೋರಿಸಿದರು. ಓದಲು ಬಾರದವರಿಗೆ ಅದು ಕನ್ನಡದಲ್ಲಿ ಓದಿ ಹೇಳಬೇಕು, ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಬೇಕು, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಬೇಕು ಎಂಬ ಯೋಚನೆ ಅದರದ್ದು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೂ "ಹಂಚಿಕೊಳ್ಳುವ ಯಂತ್ರ" ಎಂಬ ಆ ಮಾತು ಈಗಲೂ ನನಗೆ ಸರಿಯಾಗಿಯೇ ಕಾಣುತ್ತದೆ.

ಪಕ್ಕದಲ್ಲಿ ಯಾರಿದ್ದಾರೆ?

ಯಂತ್ರದ ಪಕ್ಕದ ಮನುಷ್ಯ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ದೇಶ ನೋಡಬೇಕಾಗಿಲ್ಲ. ಕರ್ನಾಟಕ, ಕೇರಳ ಎರಡೂ 2000ದ ದಶಕದ ಮೊದಲಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಶಾಲೆಗಳಿಗೆ ಕಂಪ್ಯೂಟರ್ ತಂದವು. ಹಿಡಿದ ದಾರಿ ಬೇರೆ ಬೇರೆ.

ನಮ್ಮಲ್ಲಿ ಮಾಹಿತಿ ಸಿಂಧು ಎಂಬ ಯೋಜನೆ ಬಂತು, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ. ಖಾಸಗಿ ಕಂಪನಿಗಳಿಗೆ ಗುತ್ತಿಗೆ. ಲ್ಯಾಬ್ ಕಟ್ಟುವುದು ಅವರು, ಕಲಿಸುವವರನ್ನು ಕಳಿಸುವುದು ಅವರು, ಒಪ್ಪಂದದ ವರ್ಷಗಳು ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಬಿಟ್ಟುಕೊಡುವುದು. ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ಆದರೆ ಕಂಪನಿಯಿಂದ ಬಂದ ಹುಡುಗನಿಗೆ ಸಂಬಳ ಕಡಿಮೆ, ಶಾಲೆಯಲ್ಲಿ ಅವನು ಹೊರಗಿನವನು. ಗಣಿತದ ಮೇಷ್ಟ್ರಿಗೂ ವಿಜ್ಞಾನದ ಮೇಡಮ್ಮಿಗೂ ಆ ಕೋಣೆಗೂ ಸಂಬಂಧವೇ ಇಲ್ಲ. ಒಪ್ಪಂದ ಮುಗಿದ ದಿನ ಹುಡುಗ ಹೋದ. ಉಳಿದದ್ದು ಹಳೆಯದಾದ ಯಂತ್ರಗಳು ಮತ್ತು ಬೀಗದ ಕೈ.

ಕೇರಳದ ಐಟಿ ಅಟ್ ಸ್ಕೂಲ್ 2001ರಲ್ಲಿ ಶುರುವಾಯಿತು. ಅವರು ಶಾಲೆಯ ಶಿಕ್ಷಕರಿಗೇ ಕಲಿಸಿದರು. ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕರು ಐಟಿ ನೋಡಿಕೊಳ್ಳುವವರು. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕುವುದು, ಕೆಟ್ಟದ್ದನ್ನು ಸರಿಮಾಡುವುದು, ಪಾಠಕ್ಕೆ ಬೇಕಾದ್ದು ಜೋಡಿಸುವುದು ಅವರೇ. ಸ್ವತಂತ್ರ ತಂತ್ರಾಂಶ ಹಿಡಿದದ್ದರಿಂದ ಲೈಸೆನ್ಸಿಗೆ ದುಡ್ಡಿಲ್ಲ, ಬೇಕಾದಂತೆ ಬದಲಿಸಿಕೊಳ್ಳಲು ಅಡ್ಡಿಯಿಲ್ಲ. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. 2018ರಲ್ಲಿ ಲಿಟಲ್ ಕೈಟ್ಸ್ ಎಂದು ಮಕ್ಕಳದ್ದೇ ಕೂಟಗಳು ಶುರುವಾದವು. ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದರಲ್ಲಿ ಈಗ ಮಕ್ಕಳದ್ದೂ ಕೈ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ, ಅಂದರೆ ಕಂಪ್ಯೂಟರ್ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಇದೆ ಎಂದು ತಿಳಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2010ರಲ್ಲಿ ಈ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಶಿಕ್ಷಕರ ಕೈಗೆ ಕೊಟ್ಟ ದಾರಿಯೇ ಗಟ್ಟಿ ಎಂಬುದು ಅವರು ಕಂಡದ್ದು. ಕರ್ನಾಟಕವೂ ಆಮೇಲೆ ಶಿಕ್ಷಕರಿಗೇ ತರಬೇತಿ ಕೊಡುವ ಕಡೆ ತಿರುಗಿತು. 2016-17ರಿಂದ ನಡೆದ, ಪಾಠದಲ್ಲಿ ತಂತ್ರಜ್ಞಾನ ಬಳಸಲು ಕಲಿಸುವ ಟಾಲ್ಪ್ ತರಬೇತಿಗೆ ಹೋಗಿಬಂದ ಮೇಷ್ಟ್ರುಗಳು ನನಗೆ ಗೊತ್ತು. ತಾವೇ ಸ್ಲೈಡ್ ಮಾಡಿ ಪಾಠ ಮಾಡುವಾಗ ಅವರ ಮುಖದಲ್ಲಿ ಬರುವ ಗೆಲುವೇ ಬೇರೆ.

ಶಾಲೆಯ ಹೊರಗೂ ಇದೇ ಪಾಠ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಎಂಬ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನಲ್ಲಿ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿದರು. ಅಲ್ಲಿನ ಮಕ್ಕಳು ಜಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬಿಡಿಸುತ್ತಿದ್ದರು. ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳಿರುವ ಊರಿನಲ್ಲಿ, ಆ ಕಟ್ಟಡಗಳನ್ನು ಕಟ್ಟುವವರ, ಗುಡಿಸುವವರ ಮಕ್ಕಳು ಕಂಪ್ಯೂಟರ್ ಹತ್ತಿರ ಬರಲು ಇಂಥ ಒಂದು ಕೋಣೆ ಬೇಕಾಯಿತು. ಇಂಥ ಕೇಂದ್ರದ ಲೆಕ್ಕ ನೋಡಿ. ಹತ್ತು ಯಂತ್ರ, ಇಪ್ಪತ್ತು ಮಕ್ಕಳು, ಭಾನುವಾರ ಎರಡು ಗಂಟೆ ಎಂದುಕೊಳ್ಳಿ. ಒಂದು ಮಗುವಿಗೆ ಒಂದು ಗಂಟೆ ಪೂರ್ತಿ ಕೀಬೋರ್ಡ್ ಸಿಗುತ್ತದೆ. ಶಾಲೆಯ ಲ್ಯಾಬಿನಲ್ಲಿ ಇಡೀ ವರ್ಷಕ್ಕೆ ಸಿಕ್ಕಿದ್ದು ಇಲ್ಲಿ ಎರಡೇ ಭಾನುವಾರಕ್ಕೆ!

ಲಕ್ಷ್ಮಿ ತನ್ನ ಹೆಸರು ಬರೆದಾಗ

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಕ್ಷಮಿಸಿ. ಮೊದಲ ದಿನ ಮಕ್ಕಳಿಗೆ ಏನು ಕಲಿಸಬೇಕು? ತುಂಬ ಕಡೆ ಕಂಪ್ಯೂಟರಿನ ಭಾಗಗಳ ಹೆಸರನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಮಗು ಸುಮ್ನೆ ಕೂತಿರುತ್ತದೆ. ಇದೂ ಇಂಗ್ಲಿಷ್ ಕ್ಲಾಸೇ, ನನಗೆ ಬರಲ್ಲ ಅಂದುಕೊಂಡುಬಿಡುತ್ತದೆ.

ನಾವು ಕಲಿಸುವ ಕೇಂದ್ರದಲ್ಲಿ ಮೊದಲ ದಿನ ಹೆಸರು ಬರೆಸುತ್ತೇವೆ, ಕನ್ನಡದಲ್ಲಿ. ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ. ಈ ಜೋಡಣೆಯ ಹಿಂದೆ ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಹಿರಿಯರಾದ ಕೆ.ಪಿ. ರಾವ್ ಅವರ ಯೋಚನೆಯಿದೆ. ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳನ್ನು ಕೂರಿಸಿದ್ದಾರೆ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ. ಅದು ಅಕ್ಷರದ ಸ್ವರ ತೆಗೆದು ಮುಂದಿನದಕ್ಕೆ ಅಂಟಿಸುತ್ತದೆ.

ಲಕ್ಷ್ಮಿ ಎಂದು ಬರೆಯಬೇಕು ಎಂದುಕೊಳ್ಳಿ. ಎಲ್ ಒತ್ತಿದರೆ ಲ. ಕೆ ಒತ್ತಿದರೆ ಕ. ಎಫ್ ಒತ್ತಿದರೆ ಕ್. ಎಕ್ಸ್ ಒತ್ತಿದರೆ ಷ, ಆಗ ಪರದೆಯ ಮೇಲೆ ಥಟ್ಟನೆ ಕ್ಷ ಮೂಡುತ್ತದೆ. ಮತ್ತೆ ಎಫ್, ಎಂ, ಐ. ಏಳು ಕೀಲಿ, ಲಕ್ಷ್ಮಿ! ಸ್ಲೇಟಿನಲ್ಲಿ ಬರೆಯುವಾಗ ಕ್ಷ ಎಂಬುದು ಒಂದು ಗಂಟು. ಇಲ್ಲಿ ಆ ಗಂಟು ಬಿಚ್ಚಿ, ಕ್ ಮತ್ತು ಷ ಸೇರಿ ಆಗಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಾಗುಣಿತದಲ್ಲಿ ಹಿಂದಿದ್ದ ಮಕ್ಕಳು ಇಲ್ಲಿ ಹುರುಪಿನಿಂದ ಒತ್ತಕ್ಷರ ಕಲಿತದ್ದನ್ನು ನಾನು ನೋಡಿದ್ದೇನೆ. ಅಳಿಸಿ ಮತ್ತೆ ಬರೆದರೆ ಕಾಗದ ಹರಿಯುವುದಿಲ್ಲ, ಯಾರೂ ಬೈಯುವುದಿಲ್ಲ.

ಆಮೇಲೆ ಒಂದು ಎಚ್ಚರಿಕೆ ಹೇಳಬೇಕು. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಬಹುದು. ಯಾಕೆಂದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು ಅಷ್ಟೇ. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಎಲ್ಲಿ ತೆರೆದರೂ ಓದಬಹುದು, ಹುಡುಕಬಹುದು. ಮಕ್ಕಳಿಗೆ ಮೊದಲ ದಿನದಿಂದಲೇ ಯೂನಿಕೋಡ್ ಅಭ್ಯಾಸ ಮಾಡಿಸಿ. ಆಮೇಲೆ ಕನ್ನಡ ವಿಕಿಪೀಡಿಯ ತೋರಿಸಿ, ಅವರ ಊರಿನ ಪುಟ ಇದೆಯಾ ಹುಡುಕಲಿ. ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಬರೆಯಲು ಕೆಲಸ ಸಿಕ್ಕಿತು.

ಇಂಟರ್‌ನೆಟ್ ಇಲ್ಲದ ಕಡೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಕೆಲಸಕ್ಕೆ ಬರುತ್ತದೆ. ಕನ್ನಡ ವಿಕಿಪೀಡಿಯವನ್ನು ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಬೆಟ್ಟದ ಮೇಲಿನ ಶಾಲೆಗೂ ಒಯ್ಯಬಹುದು. ಕೊಲಿಬ್ರಿ ಎಂಬುದೂ ಇದೆ, ಪಾಠ, ವಿಡಿಯೋಗಳನ್ನು ಇಂಟರ್‌ನೆಟ್ ಇಲ್ಲದೆ ಹಂಚಲು.

ಹುಡುಗಿಯರು ಎಲ್ಲಿ ಹೋದರು?

ಒಂದು ಕೇಂದ್ರ ಶುರುವಾದಾಗ ಹುಡುಗ ಹುಡುಗಿಯರು ಸಮ ಇರುತ್ತಾರೆ. ಮೂರು ತಿಂಗಳು ಕಳೆಯುವುದರಲ್ಲಿ ಹುಡುಗಿಯರು ಕಡಿಮೆಯಾಗುತ್ತಾರೆ. ಯಾರೂ ಬರಬೇಡ ಎಂದಿರುವುದಿಲ್ಲ. ಸಂಜೆ ಆರೂವರೆಗೆ ಕ್ಲಾಸ್ ಬಿಟ್ಟರೆ ಕತ್ತಲಾಗಿರುತ್ತದೆ. ತಮ್ಮನನ್ನು ನೋಡಿಕೊಳ್ಳಬೇಕು, ನೀರು ಹಿಡಿಯಬೇಕು. ಕೇಂದ್ರದಲ್ಲಿ ಶೌಚಾಲಯ ಇಲ್ಲ. ಬಂದರೂ ಮೌಸ್ ಹುಡುಗರ ಕೈಯಲ್ಲಿ. 2023ರ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 18 ವರ್ಷದ ಹಳ್ಳಿ ಮಕ್ಕಳಲ್ಲಿ ಸ್ವಂತ ಫೋನ್ ಇದ್ದ ಹುಡುಗರು 43.7%, ಹುಡುಗಿಯರು 19.8%. ಅಂದರೆ ಮನೆಯಲ್ಲೂ ಅವಳು ಕೇಳಿ ಪಡೆಯಬೇಕು, ಇಲ್ಲೂ ಕೇಳಿ ಪಡೆಯಬೇಕು.

ಇದಕ್ಕೆ ಭಾಷಣ ಬೇಡ, ಸಮಯಪಟ್ಟಿ ಬದಲಿಸಿದರೆ ಅರ್ಧ ಸರಿಯಾಗುತ್ತದೆ. ನಾವು ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡು ಹುಡುಗಿಯರಿಗೇ ಇಟ್ಟೆವು. ತಮ್ಮ ತಂಗಿಯರನ್ನು ಕರೆದುಕೊಂಡೇ ಬರಲಿ ಎಂದೆವು, ಒಂದು ಚಾಪೆ, ಬಣ್ಣದ ಪೆನ್ಸಿಲ್ ಮೂಲೆಯಲ್ಲಿಟ್ಟೆವು. ಇಬ್ಬರಿಗೆ ಒಂದು ಯಂತ್ರ ಇರುವ ಕಡೆ ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲು, ಗೋಡೆ ಗಡಿಯಾರ ನೋಡಿಕೊಂಡು. ಅಮ್ಮಂದಿರನ್ನು ಒಂದು ದಿನ ಕರೆದು ಮಕ್ಕಳಿಂದಲೇ ತೋರಿಸಿದೆವು. ಬಂದವರು ಬಿಡಲಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಡುವವರಿಗೆ

ಈಗ ಕೆಲವು ಅನುಕೂಲಗಳು ಕೂಡಿಬಂದಿವೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಸುಮಾರು 5,600. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರ ನವೆಂಬರಿನಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಹಲವು ಕಡೆ ಕಂಪ್ಯೂಟರ್ ಕೂಡ ಬಂದಿದೆ. ಶಾಲೆಯಂತಲ್ಲ, ಇಲ್ಲಿ ಪೀರಿಯಡ್ ಇಲ್ಲ, ಪರೀಕ್ಷೆ ಇಲ್ಲ. ನಿಮ್ಮ ಊರಿನ ಕೇಂದ್ರಕ್ಕೆ ಒಂದು ಸಂಜೆ ಹೋಗಿ ನೋಡಿ. ಯಂತ್ರ ಎಷ್ಟಿದೆ ಎಂದು ಕೇಳಬೇಡಿ. ಇವತ್ತು ಯಾವ ಮಗು ಕೂತಿತ್ತು, ಎಷ್ಟು ಹೊತ್ತು ಕೂತಿತ್ತು ಎಂದು ಕೇಳಿ.

ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸ್ ಹಾಕಲು ಆಗದ ಎಷ್ಟೋ ಯಂತ್ರಗಳು ಕಚೇರಿಗಳಿಂದ, ಮನೆಗಳಿಂದ ಹೊರಬೀಳುತ್ತಿವೆ. ಅವು ಗುಜರಿಗೆ ಹೋಗಬೇಕಾಗಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ರ್‍ಯಾಮ್ (ಕೆಲಸ ಮಾಡುವಾಗ ಬಳಸುವ ನೆನಪು) ಸ್ವಲ್ಪ ಹೆಚ್ಚಿಸಿ, ಲಿನಕ್ಸ್ ಹಾಕಿದರೆ ಮಕ್ಕಳ ಕೆಲಸಕ್ಕೆ ಇನ್ನೂ ಎಷ್ಟೋ ವರ್ಷ ಬರುತ್ತವೆ. ಹಳ್ಳಿಗೆ ಡೆಸ್ಕ್‌ಟಾಪಿಗಿಂತ ಹಳೆಯ ಲ್ಯಾಪ್‌ಟಾಪ್ ವಾಸಿ. ಕರೆಂಟ್ ಹೋದರೆ ಬರೆದದ್ದು ಹೋಗುವುದಿಲ್ಲ, ವಿದ್ಯುತ್ತೂ ಕಡಿಮೆ ಸಾಕು. ಹಚ್ಚಿದಾಗ ಬೀಪ್ ಬೀಪ್ ಎಂದು ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯಾಗಬೇಡಿ. ಹಲವು ಸಲ ರ್‍ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿನಲ್ಲಿ ಕೊಳೆ ಕೂತಿರುತ್ತದೆ. ಪ್ಲಗ್ ತೆಗೆದು, ಪಟ್ಟಿ ಹೊರಗೆಳೆದು, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ನಮ್ಮಲ್ಲಿ ಈ ಕೆಲಸ ಈಗ ಆ ಒಂಬತ್ತನೇ ಕ್ಲಾಸಿನ ಹುಡುಗಿಯದ್ದು. ಈಗ ಅವಳು ಹತ್ತನೇ ಕ್ಲಾಸ್. ಇಬ್ಬರು ಕಿರಿಯರಿಗೂ ಹೇಳಿಕೊಟ್ಟಿದ್ದಾಳೆ.

ಕೊಡುವ ಮೊದಲು ನಿಮ್ಮ ಫೋಟೋ, ಕಾಗದ ಎಲ್ಲ ಪೂರ್ತಿ ಅಳಿಸಿ. ಬರೀ ಫೈಲ್ ಡಿಲೀಟ್ ಮಾಡಿದರೆ ಸಾಲದು, ಡಿಸ್ಕನ್ನೇ ಅಳಿಸಿ ಹೊಸದಾಗಿ ಸಿಸ್ಟಂ ಹಾಕಿಸಿ. ಸಾಧ್ಯವಾದರೆ ಯಂತ್ರದ ಜೊತೆ ನೀವೂ ಬನ್ನಿ. ತಿಂಗಳಿಗೆ ಎರಡು ಭಾನುವಾರ, ಎರಡೆರಡು ಗಂಟೆ ಸಾಕು. ಮತ್ತೆ, ಚಾರ್ಜರ್ ಮರೆಯಬೇಡಿ. ಚಾರ್ಜರ್ ಇಲ್ಲದೆ ಬಂದ ಮೂರು ಒಳ್ಳೆಯ ಲ್ಯಾಪ್‌ಟಾಪ್ ನಮ್ಮ ಬೀರುವಿನಲ್ಲಿ ಹಾಗೇ ಕೂತಿವೆ, ಆರು ಮಕ್ಕಳು ಅದಕ್ಕೆ ಕಾಯುತ್ತಿದ್ದಾರೆ.